ಮೂರನೇ ಸಿಲಿಂಡರಿನ ಸದ್ದು

ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕು ಎಂಬುದನ್ನು ಅವತ್ತು ಗುಬ್ಬಿ ತಾನೇ ತೀರ್ಮಾನಿಸಬೇಕಿತ್ತು.

ಗುಬ್ಬಿ ಅನ್ನುವುದು ಅಣ್ಣ ಇಟ್ಟ ಹೆಸರು. ಮೂವತ್ತು ದಾಟಿ, ಒಂದು ಮಗುವಿನ ತಾಯಿಯಾದ ಮೇಲೂ ಗ್ಯಾರೇಜಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಕೆಲಸಕ್ಕಿದ್ದ ಟ್ಯೂಬ್‌ಲೈಟ್ ಕಾರ್ಖಾನೆ ಬಾಗಿಲು ಹಾಕಿದಾಗ, ನಾಲ್ಕು ದಿನ ವೈರಿಂಗ್ ಮಾಡಿಕೊಟ್ಟು ಹೋಗುತ್ತೇನೆಂದು ಅಣ್ಣನ ಗ್ಯಾರೇಜಿಗೆ ಬಂದವಳು ಅಲ್ಲೇ ಬೇರು ಬಿಟ್ಟಿದ್ದಳು. ಹಳೆಯ ಕಾರುಗಳ ಕಾರ್ಬುರೇಟರ್ ಕಿತ್ತು, ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಕೂರಿಸುವುದರಲ್ಲಿ ಅಣ್ಣನದು ಎತ್ತಿದ ಕೈ. ಜನ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಹಾಗೆಂದು ಅವನು ಯಾರಿಗೂ ಏನೂ ಕಲಿಸಿದವನಲ್ಲ. ಟ್ಯೂನಿಂಗ್ ಮಾಡುವಾಗ ಲ್ಯಾಪ್‌ಟಾಪಿನ ಹತ್ತಿರ ಒಂದು ನೊಣವನ್ನೂ ಸುಳಿಯಗೊಡುತ್ತಿರಲಿಲ್ಲ. ಅಂಥವನು ಈ ವರ್ಷ ಇದ್ದಕ್ಕಿದ್ದಂತೆ ತಂಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಯಾಕೆ ಎಂದು ಅವಳು ಕೇಳಿದಾಗ, "ನನಗೂ ವಯಸ್ಸಾಗ್ತಾ ಬಂತಲ್ಲ" ಎಂದು ಮಾತು ಹಾರಿಸಿದ.

ಪರದೆಯ ತುಂಬ ಚೌಕಗಳು. ಅಡ್ಡಸಾಲು ಇಂಜಿನ್ನಿನ ವೇಗದ್ದು, ಉದ್ದಸಾಲು ಅದರ ಮೇಲೆ ಬೀಳುವ ಭಾರದ್ದು. ಒಂದೊಂದು ಚೌಕದಲ್ಲಿಯೂ ಆ ವೇಗಕ್ಕೆ, ಆ ಭಾರಕ್ಕೆ ಎಷ್ಟು ಪೆಟ್ರೋಲ್ ಬಿಡಬೇಕೆಂಬ ಸಂಖ್ಯೆ. ಹೊಗೆ ಪೈಪಿನಲ್ಲಿ ಕೂರಿಸಿದ ಸೆನ್ಸರ್, ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳುತ್ತದೆ. ಅದನ್ನು ನೋಡಿಕೊಂಡು ಚೌಕ ತಿದ್ದುತ್ತಾ ಹೋಗಬೇಕು.

"ಹೆಚ್ಚಾದ್ರೆ ಕಪ್ಪು ಹೊಗೆ ಬರುತ್ತೆ, ಗಾಡಿಯವರು ಬೈತಾರೆ, ಬೈಸ್ಕೊಂಡ್ರಾಯ್ತು," ಎಂದಿದ್ದ ಅಣ್ಣ ಮೊದಲ ಪಾಠದಲ್ಲೇ. "ಕಡಿಮೆಯಾದ್ರೆ ಒಳಗೆ ಕಾವು ಏರುತ್ತೆ. ಪೆಟ್ರೋಲು ಹೊತ್ತಲ್ಲದ ಹೊತ್ತಲ್ಲಿ ಸಿಡಿಯೋಕೆ ಶುರುವಾಗುತ್ತೆ. ಅದೇ ನಾಕಿಂಗು. ಅದನ್ನ ಕೇಳಿಸ್ಕೊಂಡೂ ಕಾಲು ತೆಗೀಲಿಲ್ಲ ಅಂದ್ರೆ ಪಿಸ್ಟನ್ ಕರಗಿ ಹೋಗುತ್ತೆ, ತಿಳ್ಕೋ."

ಅವಳು ತಿಳಿದುಕೊಂಡಳು, ಅಗತ್ಯಕ್ಕಿಂತ ಹೆಚ್ಚಾಗಿಯೇ. ಮಗಳಿಗೆ ಜಡೆ ಹೆಣೆಯುವಾಗ, ಬಸ್ಸಿಗೆ ಕಾಯುವಾಗ, ಯಾವುದೋ ಒಂದು ಚೌಕದಲ್ಲಿ ತಾನು ತಪ್ಪು ಸಂಖ್ಯೆ ಬಿಟ್ಟುಬಂದಿದ್ದೇನೆಂದು ಅನ್ನಿಸಿ ಎದೆ ಧಸಕ್ಕೆನ್ನುತ್ತಿತ್ತು.

ಅವತ್ತಿನ ಗಾಡಿ ಹಲ್ಲಿನ ಡಾಕ್ಟರಮ್ಮನದು. ಅವರ ತಂದೆ ಓಡಿಸುತ್ತಿದ್ದ ಹಳೆಯ ನೀಲಿ ಕಾರು. ಡಾಕ್ಟರಮ್ಮ ತಮ್ಮ ತಾಯಿಯನ್ನು ಅದರಲ್ಲೇ ಬೆಟ್ಟದಾಚೆಯ ತವರಿಗೆ ಕರೆದುಕೊಂಡು ಹೋಗಬೇಕೆಂದಿದ್ದರು. ತಾಯಿಗೆ ಕಾಲಿನಲ್ಲಿ ಶಕ್ತಿಯಿಲ್ಲ. ಘಾಟಿ ರಸ್ತೆಯ ಮಧ್ಯೆ ಇಂಜಿನ್ ಕೈಕೊಟ್ಟರೆ ಆ ಮುದುಕಿ ಇಳಿದು ನಾಲ್ಕು ಹೆಜ್ಜೆ ನಡೆಯುವ ಹಾಗೂ ಇಲ್ಲ. ಈ ಚಿತ್ರ ಗುಬ್ಬಿಯ ಕಣ್ಣ ಮುಂದಿನಿಂದ ಸರಿಯುತ್ತಲೇ ಇರಲಿಲ್ಲ.

ಊರಾಚೆ, ಸಿಮೆಂಟ್ ಗೋದಾಮು ದಾಟಿದರೆ ನೇರವಾದ ಏರು ರಸ್ತೆ. ಮಧ್ಯಾಹ್ನಕ್ಕೆ ಮುಂಚೆ ಅಲ್ಲಿ ಗಾಡಿಗಳ ಓಡಾಟ ಕಡಿಮೆ. ಅಣ್ಣ ಸ್ಟೀರಿಂಗ್ ಹಿಡಿದ. ಗುಬ್ಬಿಯ ತೊಡೆಯ ಮೇಲೆ ಲ್ಯಾಪ್‌ಟಾಪ್. ಇಂಜಿನ್ನಿಗೆ ಬಿಗಿದ ಪುಟ್ಟ ಮೈಕಿನಿಂದ ಬಂದ ವೈರಿನ ತುದಿಗೆ ಹೆಡ್‌ಫೋನ್.

"ಹೆಡ್‌ಫೋನ್ ನೀನೇ ಹಾಕ್ಕೋ. ಇನ್ಮೇಲೆ ಅದು ನಿನ್ನ ಕೆಲಸ," ಎಂದ ಅಣ್ಣ. ಅವಳು ಹಾಕಿಕೊಂಡಳು. ಬೆವರಿಗೆ ಅದು ಕಿವಿಯಿಂದ ಜಾರುತ್ತಿತ್ತು.

ಏರು ಶುರುವಾಗುತ್ತಿದ್ದಂತೆ ಅಣ್ಣ ಕಾಲು ಒತ್ತಿದ. ಕಾರು ಮೂಗೆತ್ತಿ ನುಗ್ಗಿತು. ಸೆನ್ಸರಿನ ಸಂಖ್ಯೆ ಎಲ್ಲಿರಬೇಕೋ ಅಲ್ಲೇ ಇತ್ತು. ಅವಳು ನಿಟ್ಟುಸಿರು ಬಿಡಬೇಕು ಅನ್ನುವಷ್ಟರಲ್ಲಿ, ಇಂಜಿನ್ನಿನ ಗದ್ದಲದ ಅಡಿಯಲ್ಲಿ ಬೇರೆಯದೇ ಒಂದು ಸದ್ದು ಕೇಳಿಸಿತು. ತಗಡಿನ ಡಬ್ಬಿಯೊಳಗೆ ಸಣ್ಣ ಕಲ್ಲುಗಳನ್ನು ಅಲ್ಲಾಡಿಸಿದ ಹಾಗೆ, ಚರ್ ಚರ್ ಎಂದು.

"ಅಣ್ಣ, ಬಿಡು! ನಾಕ್ ಆಗ್ತಿದೆ!"

ಅಣ್ಣ ಕಾಲು ತೆಗೆದು, ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಪರದೆಯತ್ತ ಬಗ್ಗಿದ. "ನಂಬರ್ ಸರಿಯಾಗೇ ಇದೆಯಲ್ಲೇ. ಪೆಟ್ರೋಲ್ ಬೇಕಾದಷ್ಟು ಹೋಗ್ತಿದೆ. ನಾಕ್ ಎಲ್ಲಿಂದ ಬರುತ್ತೆ?"

"ಕೇಳಿಸ್ತು ಅಣ್ಣ."

"ಕಿಟಕಿ ಗಾಜು ಅಲ್ಲಾಡಿರುತ್ತೆ. ಹೆದರಿಕೊಂಡಿರೋ ಕಿವಿಗೆ ಎಲ್ಲಾ ಸದ್ದೂ ನಾಕೇ. ನೀನು ಓಡಿಸು, ನಾನು ಕೇಳ್ತೀನಿ."

ಜಾಗ ಬದಲಾಯಿಸಿಕೊಂಡರು. ಗುಬ್ಬಿಗೆ ಅರೆಮನಸ್ಸು. ಅಣ್ಣ ಹೇಳುವುದೇ ಸರಿ ಇರಬೇಕು. ಹುಟ್ಟಾ ಇಂಜಿನ್ನಿನ ಜೊತೆ ಬೆಳೆದವನು ಅವನು, ನಿನ್ನೆ ಮೊನ್ನೆ ಅಕ್ಷರ ತಿದ್ದಿದವಳು ತಾನು. ಗಾಡಿಯನ್ನು ತಿರುಗಿಸಿ ಇಳಿಸಿ, ಮತ್ತೆ ಏರಿನ ಬುಡಕ್ಕೆ ತಂದಳು.

"ಒತ್ತು," ಎಂದ ಅಣ್ಣ, ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಅದುಮಿಕೊಂಡು.

ಒತ್ತಿದಳು. ಮೀಟರಿನ ಮುಳ್ಳು ಏರಿತು. ಮತ್ತೆ ಅದೇ ಸದ್ದು. ಈ ಸಲ ಅವಳ ಕಿವಿಯಲ್ಲಿ ಏನೂ ಇರಲಿಲ್ಲ. ಕಾಲಡಿಯ ತಗಡನ್ನು ದಾಟಿ, ಬರಿಗಿವಿಗೇ ಬರುತ್ತಿತ್ತು, ಚರ್ ಚರ್ ಚರ್. ಅವಳು ಓರೆಗಣ್ಣಿನಿಂದ ಅಣ್ಣನನ್ನು ನೋಡಿದಳು. ಅವನು ಕಣ್ಣು ಮುಚ್ಚಿ, ನೆಮ್ಮದಿಯಾಗಿ ತಲೆಯಾಡಿಸುತ್ತಿದ್ದ.

"ಏನೂ ಇಲ್ಲ, ಕ್ಲೀನಾಗಿದೆ. ಒತ್ತು, ಇನ್ನೂ ಒತ್ತು!"

ಗುಬ್ಬಿ ಒತ್ತಲಿಲ್ಲ. ಕಾಲು ತೆಗೆದು, ಗಾಡಿಯನ್ನು ಮಣ್ಣಿಗೆ ಇಳಿಸಿ, ಕೀಲಿ ತಿರುಗಿಸಿ ಇಂಜಿನ್ ಆರಿಸಿದಳು.

"ಯಾಕೆ ನಿಲ್ಲಿಸ್ದೆ?" ಅಣ್ಣನ ಮುಖ ಕೆಂಪಾಯಿತು. "ನಾನು ಒತ್ತು ಅಂತಿದೀನಿ, ನೀನು ಆರಿಸಿ ಕೂತಿದೀಯ! ಹೀಗೆ ಹೆದರೋದಾದ್ರೆ ಈ ಕೆಲಸಕ್ಕೆ ಬರಬಾರ್ದು."

"ಬೈಯಿ ಅಣ್ಣ, ಎಷ್ಟು ಬೇಕಾದ್ರೂ ಬೈಯಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒಳಗೆ ಸುಟ್ಟಿದೆಯಾ ಅಂತ ನೋಡೋವರೆಗೂ ನಾನಂತೂ ಇದನ್ನ ಒತ್ತಲ್ಲ."

ಅವಳು ಅಣ್ಣನಿಗೆ ಎದುರಾಡಿದ್ದು ಅದೇ ಮೊದಲು. ಕಾರನ್ನು ಬಸುರಿಯನ್ನು ಕರೆತರುವ ಹಾಗೆ ಮೆಲ್ಲಗೆ ಗ್ಯಾರೇಜಿಗೆ ತಂದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ತನ್ನದೇ ತಪ್ಪಾಗಿದ್ದರೆ? ನಾಲ್ಕೂ ಪ್ಲಗ್ ಸರಿಯಾಗಿದ್ದರೆ ಅಣ್ಣ ಇನ್ನೆಂದೂ ಲ್ಯಾಪ್‌ಟಾಪ್ ಮುಟ್ಟಲು ಬಿಡುವುದಿಲ್ಲ. ಪ್ಲಗ್ ಕೆಟ್ಟಿರಲಿ ಎಂದು ಬೇಡಿಕೊಳ್ಳಬೇಕೋ, ಸರಿಯಿರಲಿ ಎಂದೋ, ಅವಳಿಗೇ ತೋಚಲಿಲ್ಲ.

ಇಂಜಿನ್ ತಣ್ಣಗಾಗುವವರೆಗೆ ಕಾದು, ಸ್ಪಾರ್ಕ್ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೊದಲನೆಯದು, ಎರಡನೆಯದು, ನಾಲ್ಕನೆಯದು ಕಪ್ಪಗೆ ಮಸಿ ಹಿಡಿದಿದ್ದವು. ಮೂರನೆಯದರ ತುದಿ ಮಾತ್ರ ಕಾವಿಗೆ ಬೆಂದು ಸುಣ್ಣ ಬಳಿದಷ್ಟು ಬೆಳ್ಳಗಿತ್ತು. ಅಣ್ಣ ಅದನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದ. ಬಿಳಿಯ ಮೇಲೆ ಸಾಸಿವೆಗಿಂತಲೂ ಸಣ್ಣ ಹೊಳೆಯುವ ಚುಕ್ಕೆಗಳು. ಪಿಸ್ಟನ್ನಿನ ಲೋಹ ಸಿಡಿದು ಅಂಟಿಕೊಂಡಿತ್ತು.

ಅರ್ಥ ಇಬ್ಬರಿಗೂ ಆಯಿತು. ಮೂರನೇ ಇಂಜೆಕ್ಟರ್ ಕಟ್ಟಿಕೊಂಡಿದೆ. ಆ ಸಿಲಿಂಡರಿಗೆ ಪೆಟ್ರೋಲ್ ಸಾಲುತ್ತಿಲ್ಲ, ಉಳಿದ ಮೂರಕ್ಕೆ ಅತಿಯಾಗುತ್ತಿದೆ. ಸೆನ್ಸರ್ ನೋಡುವುದು ನಾಲ್ಕೂ ಸೇರಿದ ಹೊಗೆಯನ್ನು, ಹಾಗಾಗಿ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಇನ್ನೊಂದು ಸಲ ಏರು ಹತ್ತಿಸಿದ್ದರೆ ಪಿಸ್ಟನ್ ತೂತಾಗುತ್ತಿತ್ತು.

ಅಣ್ಣ ಪ್ಲಗ್ಗನ್ನು ಮೇಜಿನ ಮೇಲಿಟ್ಟು, ಹಿತ್ತಲಿನ ನಲ್ಲಿಯ ಕಡೆ ಹೋದ. ಎಷ್ಟೋ ಹೊತ್ತು ಕೈ ತೊಳೆಯುತ್ತಲೇ ನಿಂತ.

ಮನೆ ಗ್ಯಾರೇಜಿನ ಹಿಂದೆಯೇ. ಅತ್ತಿಗೆ ಚಹಾ ಹಿಡಿದು ಬಂದವಳು ಗಂಡನ ಬೆನ್ನು ನೋಡಿದಳು, ನಾದಿನಿಯ ಮುಖ ನೋಡಿದಳು. "ಏನಾಯ್ತೇ?"

"ಅತ್ತಿಗೆ, ಅಣ್ಣನಿಗೆ ಕಿವಿ ಕೇಳಿಸಲ್ವಾ?"

ಅತ್ತಿಗೆ ಲೋಟ ಕೆಳಗಿಟ್ಟಳು. "ನಿನಗೂ ಹೇಳಿಲ್ವಾ? ನಾನು ಅಂದ್ಕೊಂಡೆ ಅಣ್ಣ ತಂಗಿ ಸೇರಿ ನನ್ನ ಹತ್ರ ಮುಚ್ಚಿಡ್ತಿದೀರ ಅಂತ. ಕರೆಗಂಟೆ ಹೊಡೆದ್ರೆ ಏಳಲ್ಲ. ಟೀವಿ ಹಾಕಿದ್ರೆ ಮೂರು ಮನೆಯವರಿಗೆ ವಾರ್ತೆ ಪುಕ್ಕಟೆ. ಡಾಕ್ಟರ ಹತ್ರ ಹೋಗೋಣ ಅಂದ್ರೆ, ನಿನ್ನ ಮಾತು ಕೇಳಿಸ್ದೇ ಇರೋದು ರೋಗ ಅಲ್ಲ ಪುಣ್ಯ ಅಂತ ತಮಾಷೆ ಮಾಡ್ತಾರೆ." ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ.

ತನ್ನನ್ನು ಯಾಕೆ ಕರೆದು ಕೂರಿಸಿಕೊಂಡನೆಂದು ಗುಬ್ಬಿಗೆ ಆಗ ಹೊಳೆಯಿತು. ಅದರ ಹಿಂದೆಯೇ ಇನ್ನೊಂದು ಭಯ ಬಂದು ಎದೆಯ ಮೇಲೆ ಕೂತಿತು. ಇಷ್ಟು ದಿನ ತಾನು ತಪ್ಪಿದರೆ ಹಿಡಿಯಲು ಅಣ್ಣನಿದ್ದಾನೆಂಬ ಧೈರ್ಯವಿತ್ತು. ಈಗ ಹಿಂದೆ ಯಾರೂ ಇರಲಿಲ್ಲ.

ಸಂಜೆ ಡಾಕ್ಟರಮ್ಮ ಗಾಡಿ ಒಯ್ಯಲು ಬಂದರು. ಅಣ್ಣ ಏನಾದರೊಂದು ಸಬೂಬು ಹೇಳಿಯಾನೆಂದು ಗುಬ್ಬಿ ತಲೆ ತಗ್ಗಿಸಿ ಸ್ಪ್ಯಾನರ್ ಒರೆಸುತ್ತಾ ನಿಂತಳು.

"ಗಾಡಿ ಇವತ್ತು ಕೊಡಕ್ಕಾಗಲ್ಲ ಡಾಕ್ಟ್ರೇ," ಎಂದ ಅಣ್ಣ, ಅಗತ್ಯಕ್ಕಿಂತ ಜೋರಾಗಿ. "ಒಂದು ಇಂಜೆಕ್ಟರ್ ಕಟ್ಟಿಕೊಂಡಿದೆ. ಇಂಜಿನ್ ಕೂಗಿ ಹೇಳ್ತಿತ್ತು. ನನಗೆ ಕೇಳಿಸ್ಲಿಲ್ಲ. ನನ್ನ ಕಿವಿ ಹೋಗಿದೆ. ಇವಳಿಗೆ ಕೇಳಿಸ್ತು. ಇವಳು ನಿಲ್ಲಿಸ್ದೇ ಇದ್ದಿದ್ರೆ ನಿಮ್ಮ ಇಂಜಿನ್ ನಾನೇ ಸುಟ್ಟಿರ್ತಿದ್ದೆ."

ಡಾಕ್ಟರಮ್ಮ ಗುಬ್ಬಿಯತ್ತ ತಿರುಗಿದರು. "ಹಾಗಾದ್ರೆ ನೀವು ಸರಿ ಅಂದ ಮೇಲೆ ತಗೊಂಡು ಹೋಗ್ತೀನಿ. ಅಮ್ಮ ಇಷ್ಟು ದಿನ ಕಾದಿದಾರೆ, ಇನ್ನೆರಡು ದಿನ ಕಾಯ್ತಾರೆ."

ಅದು ಮೆಚ್ಚುಗೆಯೋ ಹೊರೆಯೋ ಗುಬ್ಬಿಗೆ ತಿಳಿಯಲಿಲ್ಲ. ಹೊರೆಯೆಂದೇ ಅನ್ನಿಸಿತು.

ನಾಲ್ಕೂ ಇಂಜೆಕ್ಟರುಗಳನ್ನು ಬಿಚ್ಚಿ ಗಾಜಿನ ಕೊಳವೆಗಳಿಗೆ ಚಿಮ್ಮಿಸಿ ನೋಡಿದರು. ಮೂರನೆಯ ಕೊಳವೆ ಅರ್ಧಕ್ಕೇ ನಿಂತಿತು. ಹೊಸದನ್ನು ಕೂರಿಸಿದ ಮೇಲೆ ಹಳೆಯ ಲೆಕ್ಕವೆಲ್ಲ ಏರುಪೇರಾಯಿತು. ಗುಬ್ಬಿ ಮೊದಲ ಚೌಕದಿಂದ ಮತ್ತೆ ತಿದ್ದುತ್ತಾ ಬಂದಳು. ಅಣ್ಣ ಪಕ್ಕದಲ್ಲಿ ಕೂತು ನೋಡಿದ. ಕೈ ಮಾತ್ರ ಹಾಕಲಿಲ್ಲ. ಒಂದೆರಡು ಕಡೆ "ಇಲ್ಲಿ ಸ್ವಲ್ಪ ಧಾರಾಳವಾಗಿರು, ಘಾಟಿ ರಸ್ತೆ" ಎಂದನಷ್ಟೇ.

ಮತ್ತೆ ಅದೇ ಏರು. ಅಣ್ಣನ ಕೈಯಲ್ಲಿ ಸ್ಟೀರಿಂಗ್, ಅವಳ ಕಿವಿಯಲ್ಲಿ ಹೆಡ್‌ಫೋನ್. ಕಾರು ಏರು ಹತ್ತಿ ನೆತ್ತಿ ಮುಟ್ಟಿತು. ಅವಳಿಗೆ ಏನೂ ಕೇಳಿಸಲಿಲ್ಲ. ಕೇಳಿಸದಿದ್ದುದಕ್ಕೇ ಇನ್ನೂ ಭಯವಾಯಿತು. ಸದ್ದು ಇಲ್ಲವೋ, ತನಗೆ ಸಿಗುತ್ತಿಲ್ಲವೋ?

"ಏನಂತೀಯ?" ಅಣ್ಣ ಕೇಳಿದ.

"ಇನ್ನೊಂದ್ಸಲ," ಎಂದಳು. ಇನ್ನೊಂದು ಸಲವಾಯಿತು. ಆಮೇಲೂ ಇನ್ನೊಂದು. ಪ್ಲಗ್ ಬಿಚ್ಚಿ ನೋಡಿದರೆ ನಾಲ್ಕೂ ಒಂದೇ ಬಣ್ಣ, ತಿಳಿ ಕಂದು. ಅಣ್ಣ ಪ್ಲಗ್ಗುಗಳನ್ನು ಅಂಗೈಯಲ್ಲಿ ಹಿಡಿದು, "ಸಾಕೇ ತಾಯಿ, ರಸ್ತೆ ಸವೆದುಹೋಗುತ್ತೆ," ಎಂದ.

ಡಾಕ್ಟರಮ್ಮ ತಾಯಿಯನ್ನು ಕೂರಿಸಿಕೊಂಡು ಹೊರಟ ದಿನ ಗುಬ್ಬಿ ಹಿಡಿದ ಕೆಲಸವೊಂದೂ ಮುಗಿಯಲಿಲ್ಲ. ಈಗ ಘಾಟಿಯ ಬುಡದಲ್ಲಿರಬೇಕು, ಈಗ ಮಧ್ಯೆ, ಅಂತ ಮನಸ್ಸು ಕಾರಿನ ಹಿಂದೆಯೇ ಓಡುತ್ತಿತ್ತು. ವ್ಯಾನಿಗೆ ಹಾಕಬೇಕಿದ್ದ ಬಲ್ಬನ್ನು ಜೀಪಿಗೆ ಹಾಕಿದಳು. ಅಣ್ಣ ಹೊಸದಾಗಿ ಕಿವಿಗೆ ಮಿಷನ್ ಹಾಕಿಸಿಕೊಂಡು ಬಂದು, ಕಾಗೆ ಕೂಗಿದರೂ ಬೆಚ್ಚಿಬಿದ್ದು ತಿರುಗಿ ನೋಡುತ್ತಿದ್ದ. ಅದರಲ್ಲಿ ಮಾತು ಕೇಳುತ್ತದೆ, ನಾಕ್ ಕೇಳುವುದಿಲ್ಲ ಎಂದು ಅವನೇ ಪರೀಕ್ಷಿಸಿ ನೋಡಿ ಹೇಳಿದ್ದ.

ಮಧ್ಯಾಹ್ನ ದಾಟಿದ ಮೇಲೆ ಫೋನ್ ಬಂತು. ಡಾಕ್ಟರಮ್ಮನ ಹೆಸರು ನೋಡಿ ಗುಬ್ಬಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಫೋನ್ ಎತ್ತಿದಳು.

"ರೀ, ಒಂದು ತೊಂದರೆಯಾಯ್ತು," ಎಂದರು ಡಾಕ್ಟರಮ್ಮ.

"ಹೇಳಿ." ಅವಳಿಗೆ ತನ್ನ ಧ್ವನಿಯೇ ಕೇಳಿಸಲಿಲ್ಲ.

"ವೈಪರ್ ಕೆಲಸ ಮಾಡ್ತಿಲ್ಲ. ಬೆಟ್ಟದ ಮೇಲೆ ಮಂಜಿತ್ತು, ಕಿಟಕಿಯಿಂದ ಕೈ ಹಾಕಿ ಒರೆಸ್ಕೊಂಡು ಬಂದೆ. ಗಾಡಿ? ಅಯ್ಯೋ, ಗಾಡಿ ಚೆನ್ನಾಗಿದೆ ಕಣ್ರೀ. ತಲುಪಿ ಆಗಲೇ ಊಟ ಆಯ್ತು. ಅಮ್ಮ ಮಲಗಿದಾರೆ."

ಗುಬ್ಬಿ ಅಲ್ಲಿದ್ದ ಟೈರಿನ ಮೇಲೆ ಕುಸಿದು ಕೂತಳು. ನಗು ಬಂತು, ಅದರ ಜೊತೆಗೇ ಅಳುವೂ ಬಂತು.

"ಏನಂತೆ?" ಅಣ್ಣ ಬಾನೆಟ್ಟಿನ ಹಿಂದಿನಿಂದ ತಲೆಯೆತ್ತಿ ಕೂಗಿದ.

"ವೈಪರ್ ಅಂತೆ!"

"ಏನು?"

"ವೈ-ಪ-ರ್!"

"ಕಿರುಚಬೇಡ್ವೇ, ಮಿಷನ್ ಹಾಕಿದೀನಿ," ಎಂದ ಅಣ್ಣ. "ಆ ಜೀಪಿನ ಬಲ್ಬು ಬಿಚ್ಚು ಮೊದಲು."