ಥೆಲ್ಮಾಳ ಸಾಲು

ಥೆಲ್ಮಾಗೆ ಬೆಳ್ಳಿಯ ಸದ್ದು ಕೇಳಿಸುತ್ತಿಲ್ಲ ಅಂತ ನನಗೆ ಮೂರು ವಾರದಿಂದ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ನಾನೇನು ಮಾತು ನುಂಗಿಕೊಳ್ಳುವ ಹೆಂಗಸಲ್ಲ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಿಂತು ಮುನ್ನೂರು ಮಕ್ಕಳನ್ನು ಗದರಿಸಿಕೊಂಡೇ ಊಟ ಬಡಿಸಿದವಳು. ಅಂಥ ಬಾಯಿಗೆ ಬೀಗ ಬಿದ್ದಿತ್ತು ಅಂದರೆ ಕಾರಣ ಒಂದೇ, ದುರಾಸೆ. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ?

ಇಂಗ್ಲೆಂಡಿನ ನಾರ್ಫೋಕ್‌ನ ಈ ಹೊಲಗಳಲ್ಲಿ ಗೋಧಿ ಕೊಯ್ದ ಮೇಲೆ ಮತ್ತೆ ಬಿತ್ತುವ ತನಕ ನಮ್ಮಂಥವರಿಗೆ ನಾಲ್ಕೈದು ವಾರ ಸಿಗುತ್ತದೆ. ಅಷ್ಟರಲ್ಲಿ ಲೋಹ ಪತ್ತೆ ಹಚ್ಚುವ ಯಂತ್ರ ಹಿಡಿದು ಕೂಳೆಯ ಮೇಲೆ ನಡೆದು ಹಳೇ ನಾಣ್ಯ ಹುಡುಕಿಕೊಳ್ಳಬೇಕು. ನನಗೆ ಈ ಹುಚ್ಚು ಹಿಡಿಸಿದವಳೇ ಥೆಲ್ಮಾ. ಥರ್ಟಲ್ ಎಂಬ ರೈತನ ಹತ್ತಿರ ಅನುಮತಿ ಕೇಳಿದವಳೂ ಅವಳೇ. ಅನುಮತಿ ತಂದವರಿಗೆ ಬೇಲಿ ಪಕ್ಕದ ಮೊದಲ ಸಾಲು, ಜೊತೆಗಾರರಿಗೆ ಇಪ್ಪತ್ತು ಹೆಜ್ಜೆ ಆಚೆಗಿನ ಸಾಲು. ಚಹಾ ಕುಡಿಯುವ ತನಕ ಒಬ್ಬರ ಸಾಲಿಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೆ ಇದನ್ನು ಮುರಿದವರ ಜೊತೆ ನಮ್ಮ ಕ್ಲಬ್ಬಿನಲ್ಲಿ ಯಾರೂ ಕಾರು ಹಂಚಿಕೊಳ್ಳುವುದಿಲ್ಲ.

ನೆಲದಡಿ ಕಬ್ಬಿಣವಿದ್ದರೆ ಯಂತ್ರ ಗೊರಗೊರ ಅನ್ನುತ್ತದೆ. ಸೀಸ, ಅಂಗಿ ಗುಂಡಿಗಳಿಗೆ ನಡುದನಿ. ಬೆಳ್ಳಿಗೆ ಮಾತ್ರ ಸಣ್ಣ, ಚೂಪು ಸಿಳ್ಳೆ. ಥೆಲ್ಮಾ ನಲವತ್ತು ವರ್ಷ ಮೇಲ್ಚಾವಣಿ ಇಲ್ಲದ, ಕಿವಿ ಗಡಚಿಕ್ಕುವ ಟ್ರ್ಯಾಕ್ಟರ್ ಓಡಿಸಿದವಳು. ಈಗ ಎಪ್ಪತ್ತನಾಲ್ಕು. ಮಾತೆಲ್ಲ ಕೇಳಿಸುತ್ತದೆ, ಆ ಸಿಳ್ಳೆಗೆ ಮಾತ್ರ ಕಿವಿ ಕೈಕೊಟ್ಟಿದೆ. ಲೋಹ ಯಾವುದು ಅಂತ ಅಂಕಿಯಲ್ಲಿ ತೋರಿಸುವ ಪರದೆ ಇರುವ ಹೊಸ ಯಂತ್ರ ತಗೋ ಅಂದಿದ್ದೆ. "ಕಿವಿ ಇರೋರಿಗೆ ಟೀವಿ ಯಾಕೇ?" ಅಂದಿದ್ದಳು.

ಮೂರು ವಾರದ ಹಿಂದೆ ಅವಳ ಹೆಡ್‌ಫೋನಿನ ವೈರು ಯಂತ್ರದಿಂದ ಜಾರಿಬಿತ್ತು. ಯಂತ್ರ ಊರಿಗೆಲ್ಲ ಕೇಳುವ ಹಾಗೆ ಮಾತಾಡತೊಡಗಿತು. ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ ನನಗೆ ಬೆಳ್ಳಿಯ ಸಿಳ್ಳೆ ಸ್ಪಷ್ಟವಾಗಿ ಕೇಳಿತು. ಥೆಲ್ಮಾ ಅದರ ಮೇಲೆಯೇ ಯಂತ್ರದ ತುದಿಯ ತಟ್ಟೆ ಆಡಿಸಿಕೊಂಡು ಮುಂದೆ ಹೋದಳು. ಕೂಗಬೇಕು ಅಂತ ಬಾಯಿ ತೆರೆದೆ. ದೇವರಾಣೆ ತೆರೆದೆ. ಆಮೇಲೆ ಮುಚ್ಚಿದೆ. ಅವಳು ಅಷ್ಟು ದೂರ ಹೋಗಲಿ ಅಂತ ಕಾದು, ಅವಳ ಸಾಲಿಗೆ ಕಾಲಿಟ್ಟು ಅಗೆದೆ. ಏಳುನೂರು ವರ್ಷ ಹಿಂದಿನ ಎಡ್ವರ್ಡ್ ರಾಜನ ಕಾಲದ ಬೆಳ್ಳಿ ಪೆನ್ನಿ ನಾಣ್ಯ, ಉಗುರಿನಷ್ಟು ತೆಳ್ಳಗೆ. ಆರು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಬೆಳ್ಳಿ ಅದು.

"ನನ್ನ ಸಾಲಲ್ಲೇ ಸಿಕ್ತು," ಅಂತ ಥೆಲ್ಮಾಗೆ ಅಂದುಬಿಟ್ಟೆ.

ಅವತ್ತಿನಿಂದ ಉಳುಮೆಯ ಹಿಂದೆ ಬೀಳುವ ಕಡಲಹಕ್ಕಿಯ ಹಾಗೆ ನನ್ನ ಯಂತ್ರ ಆಡಿಸುತ್ತ ಅವಳ ಹೆಜ್ಜೆಗುರುತು ಹಿಡಿದು ನಡೆದೆ. ಬೂಟಿನ ದಾರ ಬಿಚ್ಚಿತು, ಬೆನ್ನು ಹಿಡಿಯಿತು ಅಂತ ಏನೋ ನೆಪ ಹೇಳಿ ಹಿಂದೆ ಉಳಿಯುತ್ತಿದ್ದೆ. ಒಟ್ಟು ಏಳು ಬೆಳ್ಳಿ ಸಿಕ್ಕವು. ಏನು ಸಿಕ್ಕರೂ ಜಾಗದ ಸಮೇತ ಮ್ಯೂಸಿಯಮ್ಮಿನವಳ ಹತ್ತಿರ ಬರೆಸಬೇಕು, ಬರೆಸಿದೆ. ಕ್ಲಬ್ಬಿನಲ್ಲಿ ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಥೆಲ್ಮಾ. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ, ತಿಂದದ್ದು ಮೈಗೆ ಹತ್ತುತ್ತಿಲ್ಲ.

ಇವತ್ತು ಈ ಹೊಲದಲ್ಲಿ ಕೊನೆಯ ಶನಿವಾರ. ಸೋಮವಾರ ಥರ್ಟಲ್ ಬಿತ್ತನೆ ಶುರು ಮಾಡುತ್ತಾನೆ. ಕಾರಿನಲ್ಲಿ ಥೆಲ್ಮಾ ಕಿಟಕಿಯ ಕಡೆ ನೋಡುತ್ತ ಅಂದಳು, "ಇವತ್ತು ಏನೂ ಸಿಗ್ಲಿಲ್ಲ ಅಂದ್ರೆ ಯಂತ್ರಾನ ಕ್ಲಬ್ಬಿಗೆ ಕೊಟ್ಬಿಡ್ತೀನಿ ಕಣೇ ಬೆರಿಲ್. ಸಾಕು."

"ಯಾಕೇ? ಏನಾಯ್ತು ನಿಂಗೆ?"

"ಹೊಲ ನನ್ ಹತ್ರ ಮಾತು ಬಿಟ್ಟಿದೆ. ಈ ಸಲ ಪೂರ್ತಿ ಸೀಸ, ಅಂಗಿ ಗುಂಡಿ, ಬರೀ ಇದೇ. ನಿಂಗೆ ಸಿಗ್ತಿದೆ, ನಂಗಿಲ್ಲ. ಕೈಗುಣ ಹೋಯ್ತು ಅಂತ ಕಾಣತ್ತೆ."

"ಶನಿವಾರ ಏನ್ ಮಾಡ್ತೀಯ ಮತ್ತೆ?"

"ಮನೇಲಿ ಕುರ್ಚಿ ಇದೆಯಲ್ಲ, ಕೂತ್ಕೋತೀನಿ."

ಈಗ ಹೇಳು, ಈಗ ಹೇಳು ಅಂತ ಮನಸ್ಸು ಬಡಿದುಕೊಳ್ಳುತ್ತಿತ್ತು. ಆದರೆ ಅವಳ ಕೋಪ ನನಗೆ ಗೊತ್ತು. ಹೋದ ವರ್ಷ ಟೀವಿ ಸದ್ದು ಸ್ವಲ್ಪ ಕಮ್ಮಿ ಮಾಡೇ ಅಂದದ್ದಕ್ಕೆ ಒಂದು ತಿಂಗಳು ಮುಖ ಊದಿಸಿಕೊಂಡಿದ್ದಳು. ಈಗ ಕಿವಿಯ ವಿಷಯ ಎತ್ತಿದರೆ ಅದರ ಬಾಲ ಹಿಡಿದು ಏಳು ನಾಣ್ಯವೂ ಹೊರಗೆ ಬರುತ್ತವೆ.

ಹೊಲದಲ್ಲಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಲ್ಕು ಹೆಜ್ಜೆ ನಡೆಯುವುದು, ತಿರುಗಿ ಅವಳನ್ನು ನೋಡುವುದು. ಗೊರಗೊರ ಅಂದದ್ದಕ್ಕೂ ಅಗೆದು ತುಕ್ಕು ಮೊಳೆ ಎತ್ತುವುದು. ಒಂದು ಗುಂಡಿ ಮುಚ್ಚದೆ ಮುಂದೆ ಹೋದೆ.

"ಏಯ್, ಗುಂಡಿ ಮುಚ್ಚೇ!" ಅಂತ ಆ ಕಡೆಯಿಂದ ಕೂಗಿದಳು. "ಥರ್ಟಲ್ ನಮ್ಮಿಬ್ರನ್ನೂ ಅದ್ರಲ್ಲೇ ಹೂತಾನು! ಏನಾಗಿದೆ ನಿಂಗೆ? ಇರುವೆ ಹೊಕ್ಕಿದ್ಯಾ ಪ್ಯಾಂಟಲ್ಲಿ?"

ಆಗ ನನ್ನ ದಡ್ಡ ತಲೆಗೆ ಒಂದು ಉಪಾಯ ಹೊಳೆಯಿತು. ಏಳು ನಾಣ್ಯವೂ ಮಾತ್ರೆ ಡಬ್ಬಿಯಲ್ಲಿ ನನ್ನ ಜೇಬಿನಲ್ಲೇ ಇದ್ದವು. ಥೆಲ್ಮಾ ಬೇಲಿಯ ತುದಿ ಮುಟ್ಟಿ ತಿರುಗಿ ಬರುವಷ್ಟರಲ್ಲಿ ಓಡಿಹೋಗಿ, ಅವಳ ಸಾಲಿನಲ್ಲಿ ಆ ಎಡ್ವರ್ಡ್ ಪೆನ್ನಿಯನ್ನು ನಾಲ್ಕು ಬೆರಳಿನಷ್ಟು ಆಳಕ್ಕೆ ಹೂತು ಬಂದೆ. ಅವಳಿಗೆ ಸಿಗಲಿ, ಖುಷಿಪಡಲಿ, ಯಂತ್ರ ಅವಳ ಕೈಯಲ್ಲೇ ಉಳಿಯಲಿ ಅಂತ.

ಬಂದಳು. ತಟ್ಟೆ ಸರಿಯಾಗಿ ಅದರ ಮೇಲೆಯೇ ಆಡಿತು, ಒಂದಲ್ಲ ಎರಡು ಸಲ. ಥೆಲ್ಮಾ ದಾಟಿ ಹೋದಳು. ಕೇಳಿಸದವಳಿಗೆ ಬೆಳ್ಳಿ ಹೂತಿಟ್ಟರೆ ಏನು ಬಂತು? ಅಷ್ಟೂ ಹೊಳೆದಿರಲಿಲ್ಲ ನನಗೆ. ಬಗ್ಗಿದ ಆ ಬೆನ್ನು, ಆ ಶ್ರದ್ಧೆ ನೋಡಿ ಕರುಳು ಕಿತ್ತುಬಂತು. ಓಡಿಹೋಗಿ ಅವಳ ತೋಳು ಹಿಡಿದೆ.

ಅವಳು ಹೆಡ್‌ಫೋನನ್ನು ಕತ್ತಿಗೆ ಇಳಿಸಿದಳು. "ಏನೇ?"

"ಹಿಂದೆ. ಅಲ್ಲಿ ಅಗಿ."

"ಅಲ್ಲೇನೂ ಇಲ್ಲ. ನೋಡ್ಕೊಂಡೇ ಬಂದೆ."

"ಅಗಿಯೇ, ನಿಂಗೆ ಕೈ ಮುಗೀತೀನಿ!"

ಅಗೆದಳು. ಪೆನ್ನಿ ಬಂತು. ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಆಮೇಲೆ ಗುಂಡಿಯ ಮಣ್ಣನ್ನು ಬೆರಳಲ್ಲಿ ಉಜ್ಜಿದಳು. "ಮಣ್ಣು ಸಡಿಲ ಇದೆ. ಇದು ನಿನ್ ಪೆನ್ನಿ. ನೀನೇ ಇಟ್ಟಿದ್ದು."

"ಹೂಂ."

"ಇದು ಸಿಳ್ಳೆ ಹಾಕ್ತಾ?"

"ಹಾಕುತ್ತೆ ಥೆಲ್ಮಾ. ನಿಂಗೆ ಕೇಳಿಸ್ತಿಲ್ಲ."

ಅವಳು ವೈರು ಕಿತ್ತು, ತಟ್ಟೆಯನ್ನು ಪೆನ್ನಿಯ ಮೇಲೆ ಆಡಿಸಿದಳು. ಸಿಳ್ಳೆ ನನ್ನ ಕಿವಿಯಲ್ಲಿ ಸೂಜಿಯ ಹಾಗೆ ಚುಚ್ಚಿತು. ಅವಳು ಕಣ್ಣು ಕಿರಿದು ಮಾಡಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು, ಅಲ್ಲಾದರೂ ಸದ್ದು ಕಾಣುತ್ತದೇನೋ ಅನ್ನುವಂತೆ.

"ಎಷ್ಟು ದಿನದಿಂದ ಗೊತ್ತು?"

ಸುಳ್ಳು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. "ಮೂರು ವಾರ. ಏಳೂ ನಿನ್ ಸಾಲಿಂದೇ."

ಕಿರುಚುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೂಳೆಯ ಮೇಲೆ ಕುಕ್ಕರಿಸಿಬಿಟ್ಟಳು. "ನಾನು ಚಪ್ಪಾಳೆ ತಟ್ಟಿದ್ನಲ್ಲೇ," ಅಂದಳು. "ಎದ್ದು ನಿಂತು ತಟ್ಟಿದೆ."

ಅವಳು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ನಾಚಿಕೆಯಿಂದ ಅಳು ಬಂತು. ಡಬ್ಬಿ ತೆಗೆದು ಅವಳ ಮುಂದೆ ಹಿಡಿದೆ.

"ಇಟ್ಕೋ, ಅಗೆದೋಳು ನೀನು," ಅಂತ ಪೆನ್ನಿಯನ್ನೂ ಅದರಲ್ಲೇ ಹಾಕಿದಳು. "ಮ್ಯೂಸಿಯಮ್ಮಿನೋಳಿಗೆ ಯಾವ ಜಾಗ ಅಂತ ಬರೆಸಿದೀಯ?"

"ನನ್ ಸಾಲು ಅಂತ."

"ಸೋಮವಾರ ಫೋನ್ ಮಾಡಿ ಸರಿ ಮಾಡ್ಸು. ಜಾಗ ಸುಳ್ಳಾದ್ರೆ ನಾಣ್ಯಾನೂ ಸುಳ್ಳೇ. ಇಷ್ಟು ವರ್ಷ ಏನ್ ಕಲಿಸಿದೆ ನಿಂಗೆ, ತಲೆಕೆಟ್ಟೋಳೇ?" ಅಂತ ಬೈದಳು. ಆ ಬೈಗುಳ ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು.

ಚಹಾ ಕುಡಿದೆವು. ತಿನ್ನಲು ತಂದಿದ್ದ ಪೈ ಇಬ್ಬರಿಗೂ ಸೇರಲಿಲ್ಲ. ಕಾರಿನ ಕಡೆ ಹೊರಡುತ್ತಾಳೆ, ಎಲ್ಲ ಮುಗಿಯಿತು ಅಂತ ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದೆ. ಥೆಲ್ಮಾ ಎದ್ದು ಹೆಡ್‌ಫೋನನ್ನು ಚೀಲಕ್ಕೆ ತುರುಕಿದಳು. ಯಂತ್ರವನ್ನು ಕೈಗೆತ್ತಿಕೊಂಡಳು.

"ನಿನ್ ಯಂತ್ರ ಇಲ್ಲೇ ಬಿಡು. ನನ್ ಪಕ್ಕ ನಡಿ. ಸಿಳ್ಳೆ ಬಂದ್ರೆ ಕೂಗು."

"ಒಂದೇ ಸಾಲಲ್ಲಿ ಇಬ್ರಾ?"

"ಮೂರು ವಾರದಿಂದ ಇಬ್ರೇ ಅಲ್ವೇನೇ ನಡೀತಿರೋದು?"

ನಡೆದೆವು. ಯಂತ್ರ ಗೊಣಗಿತು, ಗೊರಗುಟ್ಟಿತು. ಒಂದು ಗಂಟೆಯಾದರೂ ಆಗಿರಬೇಕು. ಬೇಲಿಯ ತಿರುವಿನ ಹತ್ತಿರ ಸಿಳ್ಳೆ ಬಂತು, ಚೂಪಾಗಿ, ಚೊಕ್ಕವಾಗಿ. ಥೆಲ್ಮಾ ಮುಂದೆ ಹೋದಳು. ನನ್ನ ಕಾಲು ನನ್ನನ್ನು ಕೇಳದೆಯೇ ಆಮೇಲೆ ಒಬ್ಬಳೇ ಬಂದು ಅಗೆಯಲು ಆ ಜಾಗದಲ್ಲಿ ಹಿಮ್ಮಡಿ ಒತ್ತಿ ಗುರುತು ಮಾಡಿತು. ಎಂಥ ಹೆಂಗಸು ನಾನು!

"ಥೆಲ್ಮಾ! ಹಿಂದೆ!"

ತಿರುಗಿ ಬಂದು ಮಂಡಿಯೂರಿ ಅಗೆದಳು. ವಿಕ್ಟೋರಿಯಾ ರಾಣಿಯ ಕಾಲದ, ಮೂರು ಪೆನ್ನಿ ಬೆಲೆಯ ಪುಟ್ಟ ಬೆಳ್ಳಿ. ದೊಡ್ಡದೇನಲ್ಲ, ಆದರೂ ಬೆಳ್ಳಿ. ಅದನ್ನು ಕೋಟಿಗೆ ಒರೆಸದೆ, ಉಗುಳು ಹಚ್ಚದೆ, ಮಣ್ಣಿನ ಸಮೇತ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ನಾನೂ ನೋಡಿದೆ. ಆಮೇಲೆ ಅವಳ ಕಣ್ಣು ಗುಂಡಿಯಿಂದ ಅವಳದೇ ಹೆಜ್ಜೆಗುರುತಿನ ಕಡೆ ಹೋಯಿತು. ಮೆಲ್ಲಗೆ ಎಣಿಸಿದಳು.

"ಕೂಗೋಕೆ ಎರಡು ಹೆಜ್ಜೆ ತಡ ಮಾಡ್ದೆ ನೀನು," ಅಂದಳು.

ನಾನು ತಲೆ ತಗ್ಗಿಸಿದೆ. "ಹೌದು."

"ಮೂರು ವಾರದಿಂದ ಎರಡು ಹೆಜ್ಜೆಗೆ ಇಳಿದಿದೀಯ." ನಾಣ್ಯವನ್ನು ಜೇಬಿಗೆ ಹಾಕಿಕೊಂಡು, ಎಬ್ಬಿಸು ಅಂತ ನನ್ನ ಕಡೆ ಕೈ ಚಾಚಿದಳು. "ಗುಂಡಿ ಮುಚ್ಚು. ಮುಂದಿನ ಸಲ ಇನ್ನೂ ಬೇಗ ಕೂಗು."