ಬುಟ್ಟಿಯಲ್ಲಿ ಬದಲಾದ ಕರಡಿಗೆ

ಮಧ್ಯಾಹ್ನ ಹನ್ನೆರಡಾಗುವಷ್ಟರಲ್ಲಿ ಪಲ್ಲವಿ ಮೂರು ಅನಾಹುತಗಳನ್ನು ನಿಭಾಯಿಸಿಯಾಗಿತ್ತು. ಗಂಡ ಸೋಮಶೇಖರ್ ರಬ್ಬರ್ ಟ್ಯೂಬಿನೊಳಗೆ ಸಿಕ್ಕಿಕೊಂಡಿದ್ದ. ಇಬ್ಬರು ಗಾರ್ಡುಗಳು ಸೇರಿ ಬಾಟಲಿಯ ಬಿರಡೆ ಕೀಳುವಂತೆ ಅವನನ್ನು ಕಿತ್ತಿದ್ದರು. ಒಂಬತ್ತು ವರ್ಷದ ಮಗಳು ಅಕ್ಷತಾ ಒಂದು ಚಪ್ಪಲಿ ಕಳೆದುಕೊಂಡು, ಹುಡುಕಲು ಹೋಗಿ ಎರಡು ತಂದಿದ್ದಳು, ಎರಡೂ ಅವಳವಲ್ಲ. ಸೀರೆಯುಟ್ಟು ನೀರಿಗಿಳಿಯುವಂತಿಲ್ಲ ಎಂದು ಅತ್ತೆ ಕಲ್ಲಮ್ಮನವರಿಗೆ ನೈಲಾನಿನ ಪ್ಯಾಂಟು, ಶರ್ಟು ಬಾಡಿಗೆಗೆ ಕೊಟ್ಟಿದ್ದರು. ಅದನ್ನು ತೊಟ್ಟ ಅತ್ತೆ, "ಮರಳೂರಿನ ಬೀಗ್ರು ಯಾರಾದ್ರೂ ಕಂಡ್ರೆ ಹೇಳೇ, ಮುಳುಗ್ಬಿಡ್ತೀನಿ" ಎಂದು ಎರಡು ಗಂಟೆ ಕಾಲ ಕುತ್ತಿಗೆವರೆಗೆ ನೀರಿನಲ್ಲೇ ಕೂತಿದ್ದರು.

ಕುಣಿಗಲ್ ರಸ್ತೆಯ ಈ 'ಜಲವಿಹಾರ ಫನ್ ವರ್ಲ್ಡ್'ಗೆ ಹೋಗೋಣವೆಂದು ಸದಾಶಿವನಗರದ ಮನೆಯಲ್ಲಿ ಒಂದು ತಿಂಗಳಿಂದ ಹಟ ಹಿಡಿದವಳು ಪಲ್ಲವಿಯೇ. ಆದ್ದರಿಂದ ಏನು ಕೆಟ್ಟರೂ ಎಲ್ಲರೂ ಅವಳ ಮುಖ ನೋಡುತ್ತಿದ್ದರು. ನೋಡದೆ ಇದ್ದವರು ಮಾವ ಮಹಾಲಿಂಗಯ್ಯ ಒಬ್ಬರೇ. ಅವರು ಪಂಚೆ ಬಿಟ್ಟು ಬಾಡಿಗೆ ಚಡ್ಡಿಗೆ ಬಂದಾಗಿನಿಂದ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮಹಾಲಿಂಗಯ್ಯನವರು ಮಂಡಿಪೇಟೆಯಲ್ಲಿ ನಲವತ್ತು ವರ್ಷ ಕಾಳು ವ್ಯಾಪಾರ ಮಾಡಿದವರು. ಹುಳ ಬಿದ್ದ ಹೆಸರುಕಾಳನ್ನು 'ಹುಳ ಬಿದ್ದಿದೆ' ಎಂದು ಹೇಳಿಯೇ ಮಾರಿದವರು. ಸುಳ್ಳು ಅವರ ಬಾಯಲ್ಲಿ ಹುಟ್ಟುತ್ತಿರಲಿಲ್ಲ. ಕೊರಳಲ್ಲಿ ಸದಾ ಬೆಳ್ಳಿಯ ಕರಡಿಗೆ, ಅದರೊಳಗೆ ಎಳವೆಯಲ್ಲೇ ಗುರುಗಳು ಕಟ್ಟಿದ ಇಷ್ಟಲಿಂಗ. ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಅದಕ್ಕೆ ತೋರಿಸದೆ ಊಟವಿರಲಿ, ಒಂದು ಲೋಟ ನೀರನ್ನೂ ಕುಡಿದವರಲ್ಲ. ಪಲ್ಲವಿಗೂ ಒಂದು ಲಿಂಗವಿತ್ತು. ಅದು ದೇವರಮನೆಯ ಡಬ್ಬಿಯಲ್ಲಿ ಯಾರಿಗೂ ತೊಂದರೆ ಕೊಡದೆ ಆರಾಮವಾಗಿತ್ತು.

ನಾಲ್ಕನೆಯ ಅನಾಹುತ ಶುರುವಾದದ್ದು ಹಳದಿ ಬಣ್ಣದ ಜಾರುಬಂಡೆಯ ಬುಡದಲ್ಲಿ. "ತಾತ, ಒಂದೇ ಒಂದ್ಸಲ" ಎಂದು ಅಕ್ಷತಾ ಕೈ ಹಿಡಿದು ಎಳೆದಳು. ಮೆಟ್ಟಿಲ ಬಳಿಯ ಗಾರ್ಡು ಅಡ್ಡ ನಿಂತ.

"ಕತ್ನಾಗೆ ಏನೂ ಇರಂಗಿಲ್ಲ ಯಜಮಾನ್ರೇ. ದಾರ ಸುತ್ಕಂಡ್ರೆ ಕಷ್ಟ."

"ಹಂಗಾದ್ರೆ ನಾನ್ ಬರಲ್ಲ ಬಿಡು" ಎಂದು ಮಹಾಲಿಂಗಯ್ಯ ತಿರುಗಿದರು. ಮೊಮ್ಮಗಳ ತುಟಿ ಕೆಳಗೆ ಬಂತು.

"ಮಾವ, ಜಾರಕ್ಕೆ ಹತ್ತು ಸೆಕೆಂಡು. ಇಲ್ಲಿ ಬುಟ್ಟಿ ಇದೆ, ಬುಟ್ಟಿ ಪಕ್ಕ ನಾನಿದೀನಿ" ಎಂದಳು ಪಲ್ಲವಿ.

ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಬುಟ್ಟಿ. ಅದರಲ್ಲಿ ಜನ ಬಿಚ್ಚಿಟ್ಟ ವಾಚು, ಕನ್ನಡಕ, ಸರಗಳು. ಮಹಾಲಿಂಗಯ್ಯನವರು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಹಸುಗೂಸನ್ನು ಮಲಗಿಸುವಂತೆ ಅದರಲ್ಲಿಟ್ಟರು. ಪಲ್ಲವಿ ಬುಟ್ಟಿ ಕಾಯಬೇಕಿತ್ತು. ಆದರೆ ಎಪ್ಪತ್ತರ ಮಾವ ಚಡ್ಡಿಯಲ್ಲಿ "ಶಿವಶಿವಾ" ಎನ್ನುತ್ತ ಜಾರಿ ಬರುವ ದೃಶ್ಯ ಜನ್ಮದಲ್ಲಿ ಮತ್ತೆ ಸಿಗುವಂಥದ್ದಲ್ಲ. ಮೊಬೈಲು ಹಿಡಿದು ನಾಲ್ಕು ಹೆಜ್ಜೆ ಮುಂದೆ ಹೋದಳು. ವಿಡಿಯೋ ಬಹಳ ಚೆನ್ನಾಗಿ ಬಂತು. ವಾಪಸು ಬಂದು, ಬುಟ್ಟಿಯಲ್ಲಿದ್ದ ಬೆಳ್ಳಿ ಕರಡಿಗೆಯನ್ನು ತೆಗೆದು ಮಾವನ ಕೈಗೆ ಕೊಟ್ಟಳು. ಕನ್ನಡಕವಿಲ್ಲದ ಅವರು ಹಾಗೆಯೇ ಕೊರಳಿಗೆ ಹಾಕಿಕೊಂಡರು.

ಒಂದು ಗಂಟೆಗೆ ಊಟ. ಹೊರಗಿನ ತಿಂಡಿ ನಿಷಿದ್ಧವೆಂದು ಗೇಟಿನಲ್ಲಿ ಬೋರ್ಡಿದ್ದರೂ ಅತ್ತೆ ನಾಲ್ಕು ಟವೆಲ್ಲುಗಳ ಕೆಳಗೆ ಚಿತ್ರಾನ್ನದ ಡಬ್ಬಿ ದಾಟಿಸಿದ್ದರು. ಸಿಮೆಂಟಿನ ಅಣಬೆಯೊಂದರ ನೆರಳಿನಲ್ಲಿ ಟವೆಲ್ ಹಾಸಿ, ತಟ್ಟೆಗೆ ಬಡಿಸಿದ್ದಾಯಿತು. ಮಹಾಲಿಂಗಯ್ಯನವರು ಕನ್ನಡಕ ಹಾಕಿ, ವಿಭೂತಿ ಧರಿಸಿ, ತಟ್ಟೆಯ ಮುಂದೆ ಕೂತು ಕರಡಿಗೆ ಬಿಚ್ಚಿದರು. ನೋಡಿದರು. ಮತ್ತೆ ಮುಚ್ಚಿದರು.

"ಇದು ನನ್ದಲ್ಲ."

"ಏನ್ ನಿಮ್ದಲ್ಲ?" ಎಂದರು ಕಲ್ಲಮ್ಮ.

"ಲಿಂಗ. ನನ್ದು ಹೆಬ್ಬೆಟ್ಟು ತಾಗೋ ಕಡೆ ಸವೆದೈತೆ. ಅದ್ಯಾಕಂದ್ರೆ ಅರವತ್ತು ವರ್ಷ ಹಿಡಿದೀನಿ. ಇದು ಅಂಗಡಿಯಿಂದ ಇವತ್ ಬಂದಂಗೈತೆ. ಇದನ್ನ ಯಾರೂ ಮುಟ್ಟೇ ಇಲ್ಲ."

ಪಲ್ಲವಿಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಮಾವ ತಟ್ಟೆಯನ್ನು ಒಂದು ಗೇಣು ಮುಂದೆ ತಳ್ಳಿದರು. ಕೋಪವಿಲ್ಲ, ಬೈಗುಳವಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬೆಳಿಗ್ಗೆ ಏಳಕ್ಕೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಎರಡು ಇಡ್ಲಿ ತಿಂದ ಹೊಟ್ಟೆ ಅದು. ಹೋದ ವರ್ಷ ಮೊಮ್ಮಗಳಿಗೆ ಕೋತಿ ತೋರಿಸಲು ದೇವರಾಯನದುರ್ಗಕ್ಕೆ ಹೋದಾಗ ಊಟ ಒಂದು ಗಂಟೆ ತಡವಾಗಿ, ಮೆಟ್ಟಿಲ ಮೇಲೆ ಬೆವರುತ್ತ ಕುಸಿದಿದ್ದರು. ನಾಲ್ಕು ಜನ ಹೊತ್ತು ಕೆಳಗಿಳಿಸಬೇಕಾಯಿತು.

"ರೀ, ಒಂದ್ ಬಿಸ್ಕತ್ತಾದ್ರೂ ಬಾಯಿಗ್ ಹಾಕ್ಕೊಳಿ."

"ಬಿಸ್ಕತ್ತು ಊಟ ಅಲ್ವಾ?"

"ನೀರು?"

"ಕಲ್ಲೂ, ಸುಮ್ನಿರು. ನನ್ ಲಿಂಗ ಬರ್ಲಿ."

ಸೋಮಶೇಖರ್ ಜಾರುಬಂಡೆಯ ಕಡೆ ಓಡಿದ. ಪಲ್ಲವಿ ಕಳೆದ ವಸ್ತುಗಳ ಕೌಂಟರಿಗೆ ಓಡಿದಳು. ಅಲ್ಲಿ ಒಬ್ಬ ಯುವತಿ ಪೆನ್ನು ಹಿಡಿದು ಕೂತಿದ್ದಳು.

"ಏನ್ ಕಳ್ದಿದೆ ಮೇಡಂ?"

"ದೇವರು."

ಯುವತಿ ಫಾರಂ ನೋಡಿದಳು. ಮೊಬೈಲು, ಪರ್ಸು, ಮಗು, ಇತರೆ.

"ಇತರೆ ಹಾಕ್ಲಾ?"

"ಹಾಕಿ."

"ಕಲರ್?"

"ಕಪ್ಪು. ಡಬ್ಬಿ ಬೆಳ್ಳೀದು."

ಯುವತಿಗೆ ಅರ್ಥವಾದದ್ದು ಬೆಳ್ಳಿ ಮಾತ್ರ. ಮೈಕಿನಲ್ಲಿ, "ಬೆಳ್ಳಿ ವಸ್ತುವೊಂದು ಅದಲುಬದಲಾಗಿದೆ, ಸಂಬಂಧಪಟ್ಟವರು ಬರಬೇಕು" ಎಂದಳು. ಐದು ನಿಮಿಷದಲ್ಲಿ ಹನ್ನೊಂದು ಜನ ಸಂಬಂಧಪಟ್ಟರು. ಒಬ್ಬಳದು ಕಾಲ್ಗೆಜ್ಜೆ, ಒಬ್ಬನದು ಉಡಿದಾರ. ಇನ್ನೊಬ್ಬ, "ಏನ್ ಸಿಕ್ಕೈತೆ ತೋರ್ಸಿ, ನೋಡಿ ಹೇಳ್ತೀನಿ" ಎಂದ. ಬರಬೇಕಾದವನು ಬರಲಿಲ್ಲ. ಅವನ ಕೊರಳಲ್ಲಿ ಕರಡಿಗೆ ಇತ್ತಲ್ಲ, ಯಾಕೆ ಬರುತ್ತಾನೆ?

ಪಲ್ಲವಿಗೆ ಒಂದು ಉಪಾಯ ಹೊಳೆಯಿತು. ಮಾವನ ಲಿಂಗ ಹಾಕಿಕೊಂಡಿರುವವರೂ ಊಟಕ್ಕೆ ಮೊದಲು ಅದನ್ನು ಬಿಚ್ಚುತ್ತಾರೆ, ತಮ್ಮದಲ್ಲವೆಂದು ತಟ್ಟೆ ತಳ್ಳುತ್ತಾರೆ. ಹಾಗಾದರೆ ಉಪವಾಸ ಕೂತವರನ್ನು ಹುಡುಕಿದರಾಯಿತು. ಊಟದ ಹಾಲಿನ ಒಂದೊಂದು ಮೇಜಿಗೂ ಹೋಗಿ ಬಗ್ಗಿ ನೋಡಿದಳು. ಎರಡು ಮೂರು ಕಡೆ ಜನ ತಟ್ಟೆಯನ್ನು ಕೈಯಿಂದ ಮರೆಮಾಡಿದರು. ಆ ಇಡೀ ಹಾಲಿನಲ್ಲಿ ತಿನ್ನದೆ ಇದ್ದವನು ಬಿಲ್ ಹಾಕುತ್ತಿದ್ದವನೊಬ್ಬನೇ.

ಎರಡು ಗಂಟೆಗೆ ಅಣಬೆಯ ಕೆಳಗೆ ಮರಳಿದಾಗ ಮಾವನ ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಅತ್ತೆ ಟವೆಲ್ಲಿನಿಂದ ಗಾಳಿ ಹಾಕುತ್ತಿದ್ದರು. ಅಕ್ಷತಾ ಮಾತ್ರ ತಾತನ ತಟ್ಟೆಯಿಂದ ಕಡಲೆಬೀಜ ಆರಿಸಿ ತಿನ್ನುತ್ತಿದ್ದಳು.

"ಅಮ್ಮಾ, ಚಿತ್ರಾನ್ನದಲ್ಲಿ ಸಿಮ್ ಕಾರ್ಡ್ ಇದೆ."

ಕಲ್ಲಮ್ಮನವರು ಚಿತ್ರಾನ್ನಕ್ಕೆ ಮಾವಿನಕಾಯಿ ಹಾಕುತ್ತಿದ್ದರು, ಮೆಂತ್ಯ ಹಾಕುತ್ತಿದ್ದರು, ಸಿಮ್ ಹಾಕಿದ್ದಿಲ್ಲ. ಮಾವ ಕರಡಿಗೆ ತೆರೆದಾಗ ಒಳಗಿನ ಬಟ್ಟೆಯ ಮಡಿಕೆಯಿಂದ ಉದುರಿರಬೇಕು. ದೇವರ ಜೊತೆ ಸಿಮ್ ಇಡುವವನು ಎಂಥ ಭಕ್ತನಿರಬಹುದು ಎಂದು ಯೋಚಿಸಲು ಪಲ್ಲವಿಗೆ ಪುರಸೊತ್ತಿರಲಿಲ್ಲ. ಸಿಮ್ಮಿಗೆ ಅಂಟಿದ್ದ ಅರಿಶಿನ ಒರೆಸಿ, ಮಗಳ ಕಿವಿಯ ರಿಂಗಿನ ತುದಿಯಿಂದ ಮೊಬೈಲಿನ ಬಾಯಿ ತೆರೆದು, ಖಾಲಿಯಿದ್ದ ಎರಡನೇ ಗೂಡಿಗೆ ಅದನ್ನು ತುರುಕಿದಳು. ಒಂದು ನಿಮಿಷಕ್ಕೆ ಟಿಂಗ್ ಟಿಂಗ್ ಎಂದು ಏಳು ಮೆಸೇಜು. ಏಳೂ ಮಿಸ್ಡ್ ಕಾಲಿನವು, ಏಳೂ ಒಂದೇ ನಂಬರಿನವು. ಆ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಹಲೋ, ಯಾರು ಮಾತಾಡ್ತಿರೋದು?"

"ರಾಂಗ್ ನಂಬರ್ ಕಣಮ್ಮ" ಎಂದು ಆ ಕಡೆಯವನು ಕಟ್ ಮಾಡಿದ. ಮತ್ತೆ ಮಾಡಿದಳು. ಹೆಣ್ಣು ದನಿ ಕೇಳಿದ ಕೂಡಲೇ ಮತ್ತೆ ಕಟ್. ಚೆನ್ನಾಗಿ ಪಳಗಿದ ಆಸಾಮಿ.

"ಗಂಡಸ್ರು ಮಾತಾಡ್ಬೇಕು ಕಣೇ" ಎಂದರು ಕಲ್ಲಮ್ಮ. "ರೀ, ನೀವೇ ಅವ್ನಂಗೆ ಮಾತಾಡಿ."

"ನಾನು ಇನ್ಯಾರೋ ಅಂತ ಸುಳ್ ಹೇಳ್ಲಾ? ಆಗಲ್ಲ."

ಸೋಮಶೇಖರ್ ಇನ್ನೂ ಬಂದಿರಲಿಲ್ಲ. ಪಲ್ಲವಿಗೆ ಗಂಡಸಿನ ದನಿ ಬರುತ್ತಿತ್ತು. ಡಿಗ್ರಿ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಅಟೆಂಡರ್‌ವರೆಗೆ ಎಲ್ಲರನ್ನೂ ಆಡಿ ತೋರಿಸಿದವಳು. ಆದರೆ ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅಭ್ಯಾಸ ತಪ್ಪದೆ ಉಳಿದದ್ದು ಒಂದೇ ದನಿ. ಅದನ್ನು ಅವಳು ಬೆಡ್‌ರೂಮಿನ ಬಾಗಿಲು ಹಾಕಿಕೊಂಡು, ಗಂಡನೊಬ್ಬನ ಮುಂದೆ ಮಾತ್ರ ಆಡುತ್ತಿದ್ದಳು. ಆ ದನಿಯ ಯಜಮಾನರು ಈಗ ಎರಡಡಿ ದೂರದಲ್ಲಿ ಕೂತು ಬೆವರುತ್ತಿದ್ದರು.

ನಡುಗುವ ಬೆರಳುಗಳನ್ನು ಮತ್ತೊಮ್ಮೆ ನೋಡಿದಳು. ನಂಬರು ಒತ್ತಿದಳು. ಹಳೇ ಲಾರಿ ಸ್ಟಾರ್ಟ್ ಮಾಡಿದಂತೆ ಗಂಟಲನ್ನು ಮೂರು ಸಲ ಕೆರೆದಳು.

"ಹೂಂ. ಅದ್ಯಾಕಂದ್ರೆ... ನಾನು ಕಣೋ."

ಕಲ್ಲಮ್ಮನವರ ಕೈಯಿಂದ ಟವೆಲ್ ಜಾರಿತು. ಮಹಾಲಿಂಗಯ್ಯನವರು ತಮ್ಮ ಗಂಟಲನ್ನು ತಾವೇ ಮುಟ್ಟಿ ನೋಡಿಕೊಂಡರು.

"ಏನ್ಲಾ ಗಂಗಣ್ಣ, ಎಲ್ಲಿದ್ದೀಯ" ಎಂದಿತು ಫೋನು. "ಬೆಳಗ್ಗಿಂದ ಕುಣಿಗಲ್ನಾಗೆ ಇಸ್ಪೀಟೆಲೆ ಕಲಸ್ಕಂಡು ಕೂತಿದೀವಿ. ಮೂರ್ ಕೈಲಿ ಏನ್ಲಾ ಆಡಾದು? ಮಠದ ಮೀಟಿಂಗೈತೆ ಅಂತ ಹೆಂಡ್ರಿಗೇಳಿ ಬಾ ಅಂದಿರ್ಲಿಲ್ವಾ?"

"ಅದ್ಯಾಕಂದ್ರೆ, ಅವ್ಳು ಪಾರ್ಕಿಗ್ ಎಳ್ಕೊಂಡ್ ಬಂದ್ಲು."

"ಗುಬ್ಬಿಯಿಂದ ಅಷ್ಟ್ ದೂರ ನೀರಾಡಕ್ಕೋಗಿದ್ದೀಯ? ಬುಡು ಅತ್ಲಾಗೆ. ಅದೇನ್ಲಾ ಗಂಟ್ಲು, ಮುದುಕನ್ ತರ?"

ಮಾವನ ಹುಬ್ಬು ಮೇಲೇರಿತು. ಪಲ್ಲವಿ ಕಣ್ಣು ಮುಚ್ಚಿಕೊಂಡಳು.

"ನೀರು ಹೋಗೈತೆ. ನನ್ ಇನ್ನೊಂದ್ ಫೋನು ಎಲ್ಲೋ ಬಿತ್ತು ಕಣೋ, ಆ ನಂಬರ್ ಒಂಚೂರು ಹೇಳು, ರಿಂಗ್ ಮಾಡಿ ಹುಡುಕ್ತೀನಿ."

ನಂಬರು ಬಂತು. ಅಕ್ಷತಾ ಬೆರಳಿನಿಂದ ಟವೆಲ್ಲಿನ ಮೇಲೆ ಅರಿಶಿನದಲ್ಲಿ ಬರೆದುಕೊಂಡಳು. ಪಲ್ಲವಿ ಫೋನಿಟ್ಟಳು.

"ಇದೆಷ್ಟ್ ದಿನದಿಂದ ನಡೀತಾ ಐತೆ?" ಎಂದರು ಮಹಾಲಿಂಗಯ್ಯ.

"ಮದುವೆ ಆದಾಗಿಂದ ಮಾವ."

"ಎಪ್ಪತ್ ವರ್ಷ ಒಂದ್ ಸುಳ್ ಹೇಳಿರ್ಲಿಲ್ಲ ಈ ಗಂಟ್ಲು."

"ತಪ್ಪಾಯ್ತು ಮಾವ."

"ನಾಲ್ಕ್ ಹೇಳ್ಸಿದೆ. ಎಣಿಸ್ದೆ ನಾನು."

ಅತ್ತೆ ಸೆರಗಿಲ್ಲದ ನೈಲಾನ್ ಶರ್ಟಿನ ತೋಳನ್ನೇ ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದರು. ಅವರ ಬೆನ್ನು ಕುಲುಕುತ್ತಿತ್ತು.

ಪಲ್ಲವಿ ತನ್ನ ದನಿಯಲ್ಲೇ, ತನ್ನ ನಂಬರಿನಿಂದಲೇ ಆ ಇನ್ನೊಂದು ಫೋನಿಗೆ ಮಾಡಿದಳು. ಒಬ್ಬ ಹೆಂಗಸು ಎತ್ತಿದರು. ಕರಡಿಗೆ ಅದಲುಬದಲಾದದ್ದು, ವಯಸ್ಸಾದವರು ನೀರೂ ಮುಟ್ಟದೆ ಕೂತದ್ದು, ಸಿಮೆಂಟಿನ ಅಣಬೆಯ ಗುರುತು, ಇಷ್ಟನ್ನು ಹೇಳಿದಳು. ಹತ್ತು ನಿಮಿಷಕ್ಕೆ ಎತ್ತರದ ಒಬ್ಬಾಕೆ ಗಂಡನನ್ನು ರಟ್ಟೆ ಹಿಡಿದು ನಡೆಸಿಕೊಂಡು ಬಂದರು. ಅವನೇ ಗುಬ್ಬಿಯ ಗಂಗಣ್ಣ. ಮೂಗಿನ ಕೆಳಗೆ ಗೋಬಿ ಮಂಚೂರಿಯ ಕೆಂಪು ಇನ್ನೂ ಆರಿರಲಿಲ್ಲ.

"ನಮ್ಮ್ ಯಜಮಾನ್ರದ್ದೂ ಭಾರೀ ನೇಮ ಅಮ್ಮ" ಎಂದರು ಆಕೆ ಕೂರುತ್ತಲೇ. "ಪೂಜೆ ಮಾಡುವಾಗ ರೂಮಿನ ಬಾಗ್ಲು ಹಾಕ್ಕೊಂಡ್ಬಿಡ್ತಾರೆ. ಇವತ್ತೊಂದಿನ ಹೆಂಗೋ ಗೊತ್ತಾಗಿಲ್ಲ."

ಗಂಗಣ್ಣ ಕೊರಳಿನಿಂದ ಕರಡಿಗೆ ತೆಗೆದು ಕೊಟ್ಟ. ಮಹಾಲಿಂಗಯ್ಯನವರು ಬಿಚ್ಚಿ, ಸವೆದ ಕಡೆ ಹೆಬ್ಬೆಟ್ಟು ಇಟ್ಟರು. ಅದು ತನ್ನ ಜಾಗದಲ್ಲಿ ಹೋಗಿ ಕೂತಿತು. ಅವರ ಕಣ್ಣು ಮುಚ್ಚಿದವು, ತುಟಿ ಮಾತ್ರ ಆಡುತ್ತಿತ್ತು. ಪಲ್ಲವಿ ಮೊದಲ ಸಲ ಅವರನ್ನು ಅಣಕಿಸುವ ಯೋಚನೆಯಿಲ್ಲದೆ ನೋಡಿದಳು.

ಪೂಜೆ ಮುಗಿಸಿ, ಲಿಂಗ ಒಳಗಿಟ್ಟು, ದಾರ ಕೊರಳಿಗೆ ಹಾಕಿಕೊಂಡರು. ಇನ್ನೊಂದು ಕರಡಿಗೆಯನ್ನು ಗಂಗಣ್ಣನ ಕೈಗಿಟ್ಟರು. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿದ. ಅವನ ಮುಖದ ರಂಗು ಇಳಿಯಿತು.

"ಅಲ್ಲ, ನಮ್ ಫೋನ್ ನಂಬರ್ ಹೆಂಗ್ ಸಿಕ್ತು ನಿಮ್ಗೆ?" ಎಂದು ಕೇಳಿದರು ಅವನ ಹೆಂಡತಿ. "ಡಬ್ಬಿ ಮೇಲೆ ಬರೆದಿರ್ಲಿಲ್ವಲ್ಲ."

ಪಲ್ಲವಿ ಬಾಯಿ ತೆರೆದಳು. ಮಾವ ಕೈಯೆತ್ತಿ ತಡೆದರು.

"ಮೊದ್ಲು ಊಟ ಆಗ್ಲಿ ತಾಯಿ. ಅದ್ಯಾಕಂದ್ರೆ ಹೊಟ್ಟೆ ಹಸಿದಿದ್ರೆ ನನ್ ಬಾಯಲ್ಲಿ ನಿಜ ಬಂದ್ಬಿಡುತ್ತೆ."

ಗಂಗಣ್ಣ ಒಂದು ಕ್ಷಣ ಅವರನ್ನು ನೋಡಿದ. ಆಮೇಲೆ ಮಂಡಿಯೂರಿ ಕೂತು, ಚಿತ್ರಾನ್ನದ ಡಬ್ಬಿಯನ್ನು ಕಲ್ಲಮ್ಮನವರ ಕೈಯಿಂದ ತಾನೇ ಇಸಿದುಕೊಂಡು, ತಟ್ಟೆ ತುಂಬ ಬಡಿಸಿದ. ಮಹಾಲಿಂಗಯ್ಯನವರು ಮೊದಲ ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಎರಡನೆಯದು, ಮೂರನೆಯದು. ಆರನೆಯ ತುತ್ತಿಗೆ ಬೆರಳಿನ ನಡುಕ ನಿಂತಿತು.

ತಟ್ಟೆಯ ತಳ ಕಾಣುವ ಹೊತ್ತಿಗೆ ಅವರು ತಲೆಯೆತ್ತಿ, "ಆಂ, ಏನೋ ಕೇಳ್ತಿದ್ದೆಯಲ್ಲಮ್ಮ ನೀನು" ಎಂದರು.

"ಇನ್ನೊಂಚೂರು ಹಾಕ್ತೀನಿ ಅಜ್ಜಾರೆ" ಎಂದು ಗಂಗಣ್ಣ ಡಬ್ಬಿಯನ್ನೇ ಬಗ್ಗಿಸಿದ.