ಪಟ್ಟಿಯ ಮೊದಲ ಸಾಲು

ಶವಾಗಾರದ ಸರ್ವರ್ ಬೆಳಿಗ್ಗೆಯಿಂದ ಮೇಲೇಳದೆ ಹಟ ಹಿಡಿದಿತ್ತು. ಅದಿರುವುದು ಊರಾಚೆಯ ಕಟ್ಟಡದಲ್ಲಿ. ಅದನ್ನು ನೋಡಿಕೊಳ್ಳುವ ಆಸಾಮಿ, ಎಲ್ಲರ ಬಾಯಲ್ಲಿ 'ತಂತಿ', ಕೂರುವುದು ಮೂವತ್ತು ಮೈಲಿ ಈಚೆಯ ಕಚೇರಿಯಲ್ಲಿ. ಗುರುತು ಸಿಗದೆ ಮಣ್ಣಾದವರ ಫೋಟೋಗಳೆಲ್ಲ ಆ ಯಂತ್ರದ ಹೊಟ್ಟೆಯೊಳಗಿದ್ದವು. ಅವನ್ನು ನೋಡಲು ಹತ್ತು ಗಂಟೆಗೆ ತಂತಿಯ ಚಿಕ್ಕಮ್ಮ ಬರುವವಳಿದ್ದಳು. ಅವಳ ಮಗ ಮನೆ ಬಿಟ್ಟು ಎರಡು ವರ್ಷ. ಫೋಟೋ ಎಂದರೆ ಬೆಂಕಿಯಾಗುತ್ತಿದ್ದವಳು ನಿನ್ನೆ ತಾನಾಗಿಯೇ ಫೋನ್ ಮಾಡಿದ್ದಳು. "ಇದ್ರೆ ಇರ್ಲಿ, ನೋಡಿಬಿಡ್ತೀನಿ. ಕಾಯೋದು ಇನ್ನು ನನ್ನ ಕೈಲಾಗಲ್ಲ ಮಗಾ."

ಡಿಸ್ಕಿನಿಂದ ಏಳದ ಯಂತ್ರವನ್ನು ಕೂತಲ್ಲಿಂದಲೇ ಎಬ್ಬಿಸಬಹುದು. ನೆಟ್‌ವರ್ಕಿನ ಮೂಲಕ ಸಿದ್ಧ ಇಮೇಜೊಂದನ್ನು, ಎಂದರೆ ಯಂತ್ರ ನಡೆಸುವ ತಂತ್ರಾಂಶದ ಪ್ರತಿಯನ್ನು, ಕಳಿಸಿದರೆ ಅದರಿಂದಲೇ ಕಣ್ಣು ಬಿಡುತ್ತದೆ. ಆಗ ಪರದೆಯ ಮೇಲೆ ಎರಡು ಸಾಲಿನ ಪಟ್ಟಿ ಬರುತ್ತದೆ: ರಿಪೇರಿ, ಹೊಸ ಇನ್‌ಸ್ಟಾಲ್. ಹತ್ತು ಸೆಕೆಂಡಿನೊಳಗೆ ಯಾವ ಕೀಯನ್ನೂ ಒತ್ತದಿದ್ದರೆ ಮೊದಲ ಸಾಲು ತಾನಾಗಿ ಓಡುತ್ತದೆ. ಮೊದಲನೆಯದು ಯಾವಾಗಲೂ ರಿಪೇರಿಯೇ ಇರಬೇಕು. ಅದು ತಂತಿಯೇ ಮಾಡಿದ ಕಟ್ಟಳೆ.

ಆ ಧೈರ್ಯದಲ್ಲೇ ಅವನು ಆಜ್ಞೆ ಕೊಟ್ಟು ನೀರು ಕುಡಿಯಲು ಎದ್ದುಹೋದ. ಬಂದು ನೋಡಿದರೆ ಪರದೆಯ ಮೇಲೆ ಶೇಕಡಾ ಲೆಕ್ಕ ಏರುತ್ತಿದೆ. ರಿಪೇರಿಗೆಲ್ಲಿಯ ಶೇಕಡಾ? ಅದು ಹೊಸ ಇನ್‌ಸ್ಟಾಲಿನ ಲೆಕ್ಕ. ಹೋದ ತಿಂಗಳು ನಲವತ್ತು ಹೊಸ ಯಂತ್ರಗಳು ಬಂದಾಗ, ಒಂದೊಂದಕ್ಕೂ ಯಾರು ಕೀ ಒತ್ತುತ್ತಾ ಕೂರುತ್ತಾರೆಂದು, ಹೊಸ ಇನ್‌ಸ್ಟಾಲನ್ನು ಮೇಲಕ್ಕೆ ಹತ್ತಿಸಿದ್ದ. ಕೆಲಸ ಮುಗಿದ ಮೇಲೆ ಕೆಳಗಿಳಿಸಬೇಕಿತ್ತು. ಪುಣ್ಯಾತ್ಮ ಇಳಿಸಿರಲಿಲ್ಲ.

ಶವಾಗಾರದ ಗುಮಾಸ್ತನಿಗೆ ಫೋನ್ ಮಾಡಿ ಯಂತ್ರದ ಪ್ಲಗ್ ಕೀಳಿಸಿದ.

"ಬ್ಯಾಕಪ್ ಇಟ್ಟಿರ್ತೀಯಲ್ಲಪ್ಪ?" ಎಂದ ಗುಮಾಸ್ತ.

"ಇತ್ತು. ಅದರದೇ ಎರಡನೇ ಡಿಸ್ಕಲ್ಲಿ."

ಹೊಸ ಇನ್‌ಸ್ಟಾಲ್ ಮೊದಲು ಎಲ್ಲ ಡಿಸ್ಕುಗಳನ್ನೂ ಮತ್ತೆ ತೆಗೆಯಲಾಗದಂತೆ ಒರೆಸಿಬಿಡುತ್ತದೆ; ಶೇಕಡಾ ಏರತೊಡಗುವುದೇ ಅದಾದ ಮೇಲೆ. ಆ ಏರ್ಪಾಟೂ ತಂತಿಯದೇ. "ಗೋರಿಗಳ ಮೇಲೆ ಬರೀ ನಂಬರ್ ಇದೆ, ಮುಖ ಇದ್ದದ್ದು ಅದ್ರಲ್ಲೇ" ಎಂದ ಗುಮಾಸ್ತ.

ಹೇಳಿದ ಸಮಯಕ್ಕೆ ಚಿಕ್ಕಮ್ಮ ತಂತಿಯ ಕಚೇರಿಗೆ ಬಂದಳು. ಕುರ್ಚಿಯ ತುದಿಯಲ್ಲಿ ಕೂತು, ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡಳು. "ಹೂಂ, ತೋರ್ಸು."

ನಿಜ ಹೇಳಬೇಕೆಂದೇ ಅವನು ಬಾಯಿ ತೆರೆದ. ಅವಳು ಪರದೆಯತ್ತ ಕುರ್ಚಿ ಎಳೆದುಕೊಳ್ಳುವುದು ಕಂಡಿತು, ತನ್ನ ಕೆಲಸ ಹೋಗುವುದೂ ಕಂಡಿತು. ಯಾವುದು ಹೆಚ್ಚು ಹೆದರಿಸಿತೋ ಅವನಿಗೇ ಗೊತ್ತಿಲ್ಲ.

"ತೋರ್ಸೋದೇನಿಲ್ಲ ಚಿಕ್ಕಮ್ಮ. ಬೆಳಿಗ್ಗೆ ನಾನೇ ಕೂತು ಎಲ್ಲಾ ನೋಡಿದೆ. ಅದ್ರಲ್ಲಿ ಅವನಿಲ್ಲ."

ಅವನು ಒಂದನ್ನೂ ನೋಡಿರಲಿಲ್ಲ.

"ಸರಿಯಾಗಿ ನೋಡಿದ್ಯಾ?"

"ನೋಡಿದೆ."

ಅವಳು ಕನ್ನಡಕ ತೆಗೆದು ಗಳಗಳ ಅತ್ತಳು. ಎರಡು ವರ್ಷದಲ್ಲಿ ಅವಳ ಮುಖ ಅಷ್ಟು ಹಗುರಾದದ್ದನ್ನು ಅವನು ಕಂಡಿರಲಿಲ್ಲ. ಆಮೇಲೆ ಏನೋ ನೆನಪಾದವಳಂತೆ ದಡಬಡ ಎದ್ದಳು.

"ಇಷ್ಟು ದಿನ ಬಾಗಿಲು ತೆಗೆದೇ ಇಡ್ತಿದ್ದೆ. ಇವತ್ತು ಬೀಗ ಹಾಕಿ ಬಂದುಬಿಟ್ಟಿದೀನಿ ಕಣೋ. ಅವನು ಬಂದ್ರೆ ಹೊರಗೆ ನಿಂತಿರ್ತಾನೆ."